ಆಚಾರಿ ತೋರಿಸಿದ ಇರುವೆ

ಇವತ್ತು ಬೆಳಿಗ್ಗೆ ಪೇಪರ್ ಬಿಡಿಸುವಾಗ ರೆಕ್ಕೆಯ ಹುಳವೊಂದು ಅದರ ಮೇಲೆ ಬಿತ್ತು. "ಅಯ್ಯೋ, ಗೆದ್ದಲು, ಮಾವ! ಸೀಮೆಎಣ್ಣೆ ತರ್ತೀನಿ ಇರಿ" ಎಂದಳು ಸೊಸೆ. ಕನ್ನಡಕ ಏರಿಸಿ ನೋಡಿ, "ಗೆದ್ದಲಲ್ಲಮ್ಮ, ಇರುವೆ" ಎಂದೆ. ಯಾರು ಕಲಿಸಿದ್ದು ಎಂದು ಕೇಳಿದಳು. ಒಬ್ಬರು ಆಚಾರಿ ಎಂದಷ್ಟೇ ಹೇಳಿ ಪೇಪರ್ ಕೊಡವಿದೆ.

ಬ್ರಿಟಿಷರ ಕಾಲ. ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಮೀಸೆ ಆಗತಾನೆ ಚಿಗುರಿತ್ತು. ಇಂಗ್ಲಿಷ್ ಬರುತ್ತದೆಂಬ ಜಂಬ ಮಾತ್ರ ಚೆನ್ನಾಗಿ ಬಲಿತಿತ್ತು. ಎಸ್ಟೇಟಿನ ಬಿಳಿ ದೊರೆಗೆ ಕನ್ನಡ ಬಾರದು, ಕೆಲಸದವರಿಗೆ ಇಂಗ್ಲಿಷ್ ಬಾರದು. ಎರಡೂ ಕಡೆಗೆ ನಾನೇ ಬಾಯಿ. ಬಂಗಲೆಯ ಮರಗೆಲಸಕ್ಕೆ ಮಾದಾಪುರ ಕಡೆಯ ಆಚಾರಿಯೊಬ್ಬರಿದ್ದರು, ನನ್ನ ತಂದೆಯ ವಯಸ್ಸಿನವರು. ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ಉಳಿ ಹಚ್ಚುತ್ತಿದ್ದರು...

ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ, ಅವರು ಕೂರಿಸಿದ್ದ ಹೊಸ ಕಿಟಕಿಯ ಸಂದಿಯಿಂದ ರೆಕ್ಕೆಹುಳಗಳು ಬುಳುಬುಳು ಹೊರಟು ದೊರೆಯ ಊಟದ ಮೇಜಿನ ಮೇಲೆಲ್ಲ ಹರಿದಾಡಿದವು. ಇದೇನು ಎಂದು ದೊರೆ ನನ್ನನ್ನು ಕೇಳಿದ. ಸರಿಯಾಗಿ ನೋಡದೆಯೇ "ಗೆದ್ದಲು, ಸರ್" ಅಂದುಬಿಟ್ಟೆ. ಹುಳುಕು ಮರ ಹಾಕಿದ್ದಾನೆಂದು ದೊರೆ ಆಚಾರಿಯನ್ನು ಕರೆಸಿ ಕೂಗಾಡಿದ.

ಆಚಾರಿ ಒಂದು ಹುಳ ಹಿಡಿದು ನನ್ನ ಮುಂದೆ ಅಂಗೈ ಚಾಚಿದರು. "ಸೊಂಟ ನೋಡಿ ರೈಟ್ರೇ, ದಾರ ಕಟ್ಟಿ ಬಿಗಿದಂಗೈತೆ. ಗೆದ್ದಲಿಗೆಲ್ಲಿ ಸೊಂಟ? ಮೀಸೆನೂ ಮುರಿದಂಗೆ ಬಾಗೈತೆ. ಇದು ಇರುವೆ ಕಣ್ರೀ. ಮರ ಗಟ್ಟಿ ಐತೆ, ಬೇಕಾರೆ ಚೌಕಟ್ಟು ಬಿಚ್ಚಿ ತೋರಿಸ್ತೀನಿ. ದೊರೆಗೆ ಹೇಳಿ."

ನೋಡಿದೆ. ಅವರು ಹೇಳಿದ್ದೇ ಸರಿ. ಆದರೆ ಹಾಗೆಂದರೆ ನಾನು ದಡ್ಡನಾಗುತ್ತಿದ್ದೆ. ಏನನ್ನುತ್ತಾನೆ ಎಂದು ದೊರೆ ಕೇಳಿದ.

"ತಪ್ಪಾಯ್ತು ಅಂತಿದ್ದಾನೆ, ಸರ್" ಎಂದೆ, ಇಂಗ್ಲಿಷಿನಲ್ಲಿ. ಥೂ, ಎಂಥ ನಾಲಿಗೆ ನನ್ನದು!

ಅವತ್ತೇ ಅವರನ್ನು ಕೆಲಸದಿಂದ ತೆಗೆದರು. ಗೇಟಿನ ಹತ್ತಿರ ಸಾಮಾನಿನ ಚೀಲ ಹೆಗಲಿಗೇರಿಸಿ ಆಚಾರಿ ನನಗೆ ಕೈಮುಗಿದರು. "ದೊರೆ ಒಪ್ಪಲಿಲ್ಲ, ಬಿಡಿ. ನೀವಾದ್ರೂ ನನ್ನ ಪರವಾಗಿ ಮಾತಾಡಿದ್ರಲ್ಲ, ಅಷ್ಟು ಸಾಕು." ನಾನು ಹೂಂ ಅಂದೆ.

ವಾರ ಕಳೆದು ಬೇರೆ ಆಚಾರಿ ಬಂದು ಚೌಕಟ್ಟು ಬಿಚ್ಚಿದ. ಮರಕ್ಕೆ ಏನೂ ಆಗಿರಲಿಲ್ಲ. ಗೋಡೆಯ ಬಿರುಕಿನಲ್ಲಿ ಇರುವೆ ಗೂಡು ಕಟ್ಟಿತ್ತು. ಅದನ್ನೂ ದೊರೆಗೆ ಹೇಳಲಿಲ್ಲ. ಅಷ್ಟರಲ್ಲಿ ಹುಳುಕು ಮರದ ಸುದ್ದಿ ದೂರದ ಕುಟ್ಟದ ಎಸ್ಟೇಟುಗಳವರೆಗೂ ಹೋಗಿತ್ತು. ಮತ್ತೆ ಯಾವ ಎಸ್ಟೇಟಿನವರೂ ಅವರನ್ನು ಕರೆಯಲಿಲ್ಲವಂತೆ...

ವರ್ಷಗಳ ಮೇಲೆ ಧೈರ್ಯ ಮಾಡಿ, ನಿಜ ಹೇಳಿಬಿಡೋಣವೆಂದು ಅವರ ಮನೆ ಹುಡುಕಿಕೊಂಡು ಹೋದೆ. ಆಚಾರಿ ತೀರಿಕೊಂಡು ಆರು ತಿಂಗಳಾಗಿತ್ತು. ನಾನು ಯಾರೆಂದು ಹೇಳುತ್ತಲೇ ಅವರ ಹೆಂಡತಿ ಚಾಪೆ ಹಾಸಿ, ಮಗಳನ್ನು ಕೂಗಿದರು. "ಬಾರೇ ಇಲ್ಲಿ, ಕಾಲಿಗೆ ಬೀಳು. ದೊರೆ ಎದುರಿಗೆ ನಿಂತು ನಿಮ್ಮಪ್ಪನ ಪರವಾಗಿ ಮಾತಾಡಿದೋರು ಇವರೇ."

ಆ ಹುಡುಗಿ ಬಗ್ಗಿ ನಮಸ್ಕಾರ ಮಾಡಿದಳು. ನಾನು ಕಾಲು ಹಿಂದಕ್ಕೆ ತೆಗೆಯಲಿಲ್ಲ. ಅವರು ಕೊಟ್ಟ ಬೆಲ್ಲದ ಕಾಫಿ ಕುಡಿದು ಎದ್ದು ಬಂದೆ.

ಈಗ ಆ ತಾಯಿಯೂ ಇಲ್ಲ. ನಾನು ಕ್ಷಮೆ ಕೇಳಬೇಕಾಗಿದ್ದ ಇಬ್ಬರೂ ನನ್ನನ್ನು ಒಳ್ಳೆಯವನೆಂದೇ ನಂಬಿ ಹೋದರು.