ಮೌನಕ್ಕೆ ಮೂರೇ ಸೆಕೆಂಡು

ಇವತ್ತಾದರೂ ಹೇಳಿಬಿಡಲೇ? ಪರೀಕ್ಷೆಗೆ ಇನ್ನು ಒಂಬತ್ತೇ ದಿನ ಇರುವಾಗ ಹೇಳಿ, ಆ ಹುಡುಗಿಯ ಧೈರ್ಯ ಕೆಡಿಸಿದಂತಾದರೆ? ಹೇಳದೆ ಹೋದರೆ? ಅವಳು ಎಲ್ಲರ ಮುಂದೆ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ತಿರುಗುವುದನ್ನು ಇನ್ನೆಷ್ಟು ದಿನ ನೋಡುವುದು?

ಬೆಳಗಿನ ಐದೂಮುಕ್ಕಾಲಕ್ಕೆ ಮಹಡಿಯ ಬಾಗಿಲಿನ ಬೀಗ ತೆಗೆಯುವಾಗ ರೇಣುಕಪ್ರಸಾದ್ ಅವರ ತಲೆಯಲ್ಲಿ ಇದೇ ಓಡುತ್ತಿರುತ್ತದೆ. ಹಾಗೆಂದು ಆಮೇಲೆ ಅವರೇ ಹೇಳುತ್ತಾರೆ. ಹೊರಗೆ ಮಧುಗಿರಿಯ ಬೆಟ್ಟ ಇನ್ನೂ ಕಪ್ಪಗಿದೆ. ಕೆಳಗಿನ ಬೀದಿಯಲ್ಲಿ ಹೂವಿನವರು ಬುಟ್ಟಿ ಇಳಿಸುತ್ತಿದ್ದಾರೆ. ಅರವತ್ತೊಂದು ವರ್ಷದ ಈ ಟೈಪಿಂಗ್ ಮೇಷ್ಟ್ರು ಆರು ಟೈಪ್‌ರೈಟರುಗಳ ಮೇಲಿನ ಬಟ್ಟೆಯನ್ನು ಒಂದೊಂದಾಗಿ ಎತ್ತಿ ಮಡಿಸಿಡುತ್ತಾರೆ. ಕಿಟಕಿಯ ಪಕ್ಕದ ಯಂತ್ರಕ್ಕೆ ಮಾತ್ರ ಹಾಳೆ ಏರಿಸಿ, ಎಡಗೈಯ ಉಂಗುರದ ಬೆರಳನ್ನು ಎಕ್ಸ್ ಅಕ್ಷರದ ಕೀಲಿಯ ಮೇಲೆ ಇಟ್ಟುಕೊಂಡು ಕೂರುತ್ತಾರೆ.

ಆರಕ್ಕೆ ಹುಡುಗರು ಬರುತ್ತಾರೆ. ಒಟ್ಟು ಹನ್ನೊಂದು ಮಂದಿ. ಕೊರಟಗೆರೆಯಿಂದ ಮೊದಲ ಬಸ್ಸಿಗೆ ಇಬ್ಬರು, ಬಡವನಹಳ್ಳಿಯಿಂದ ಬೈಕಿನಲ್ಲಿ ಒಬ್ಬ, ಶಿರಾದಿಂದ ಹಾಲೇಶ್ ಎಂಬ ಡಿಪ್ಲೊಮಾ ಹುಡುಗ, ಮಿಕ್ಕವರು ಊರಿನವರೇ. ಎಲ್ಲರೂ ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರು. ಅಲ್ಲಿ ಸೀಟು ಕೊಡುವ ಮುಂಚೆ ಇವರ ಇಂಗ್ಲಿಷನ್ನು ಒಂದು ಪರೀಕ್ಷೆ ಅಳೆಯುತ್ತದೆ. ಪದಗಳು, ವ್ಯಾಕರಣ, ಓದು, ಬರಹ, ಮಾತು. ಪ್ರಶ್ನೆ ಕೇಳುವುದು ಕಂಪ್ಯೂಟರು, ಅಂಕ ಕೊಡುವುದೂ ಕಂಪ್ಯೂಟರು.

ವಳ್ಳೂರಿನ ಸ್ಪಂದನಾ ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂರುತ್ತಾಳೆ. ಇಪ್ಪತ್ತಮೂರು ವರ್ಷ. ಮಧುಗಿರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾಳೆ. ಅವಳ ಬೆನ್ನ ಹಿಂದೆ ಐವರು ಟೈಪ್ ಮಾಡುತ್ತಾರೆ, ಉಳಿದವರು ಕೈಗೆ ಸಿಕ್ಕಿದ್ದನ್ನು ಜೋರಾಗಿ ಓದುತ್ತಾರೆ. ನಿಜವಾದ ಪರೀಕ್ಷೆಯ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಮೈಕಿಗೆ ಮಾತಾಡುತ್ತಾರೆ. ಆ ಗದ್ದಲ ಇಲ್ಲೇ ಅಭ್ಯಾಸವಾಗಲಿ ಎಂದು ಈ ಏರ್ಪಾಡು. ಮೇಷ್ಟ್ರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆ. ಅವಳು ಉತ್ತರಿಸುತ್ತಾಳೆ. ಎಲ್ಲಾದರೂ ಮೂರು ಸೆಕೆಂಡು ಸುಮ್ಮನಾದರೆ ಮೇಷ್ಟ್ರ ಬೆರಳು ಇಳಿಯುತ್ತದೆ. ಠಕ್. ಹಾಳೆಯ ಮೇಲೆ ಒಂದು ಎಕ್ಸ್.

ಹಳೆಯ ಟೈಪಿಸ್ಟುಗಳು ತಪ್ಪಾದ ಪದದ ಮೇಲೆ ಹೊಡೆಯುತ್ತಿದ್ದ ಗುರುತು ಅದು. ಇಲ್ಲಿ ಅದು ಮೌನದ ಗುರುತು. ಮೂರು ಸೆಕೆಂಡು ಮಾತು ನಿಂತರೆ ಪರೀಕ್ಷೆಯ ಮೈಕು ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಎಂಥ ಒಳ್ಳೆಯ ಮಾತಾಡಿದರೂ ಅದಕ್ಕೆ ಕೇಳಿಸುವುದಿಲ್ಲ.

"ನಮ್ ಕಡೆ ದೊಡ್ಡೋರು ಒಂದ್ ಮಾತು ಕೇಳಿದ್ರೆ ಮಕ್ಕಳು ತಟಕ್ಕಂತ ಬಾಯ್ ಹಾಕಲ್ಲ. ಸ್ವಲ್ಪ ನಿಂತು ಹೇಳ್ತಾರೆ. ಅದು ಮರ್ಯಾದೆ. ಆ ಮಿಷನ್ನಿಗೆ ಅದು ದಡ್ಡತನ" ಎನ್ನುತ್ತಾರೆ ಮೇಷ್ಟ್ರು. "ನಾನೇನ್ ಮಾಡ್ಲಿ? ಮರ್ಯಾದೆ ಬುಡು ಅಂತ ಹೇಳಲ್ಲ. ಆ ಎರಡು ಗಂಟೆ ಮಾತ್ರ ಜೇಬಲ್ಲಿ ಇಟ್ಕೋ, ಹೊರಗೆ ಬಂದ್ ಮೇಲೆ ತಕ್ಕೋ ಅಂತೀನಿ."

ಮೂವತ್ತಮೂರು ವರ್ಷ ಅವರು ಕಲಿಸಿದ್ದು ಟೈಪಿಂಗ್. ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ನಾಲ್ಕು ತಾಲ್ಲೂಕುಗಳ ಹುಡುಗರು ಬರುತ್ತಿದ್ದರು. ಕೋರ್ಟು, ಕಚೇರಿ, ಬ್ಯಾಂಕುಗಳಲ್ಲಿ ಈಗಲೂ ಅವರ ಶಿಷ್ಯರಿದ್ದಾರೆ. ಕಂಪ್ಯೂಟರು ಬಂದ ಮೇಲೆ ಹುಡುಗರು ಕಡಿಮೆಯಾದರು, ಒಂದು ವರ್ಷ ಯಾರೂ ಬರಲಿಲ್ಲ. ಆಗ ಹಳೆಯ ಶಿಷ್ಯನೊಬ್ಬ ತನ್ನ ಮಗಳನ್ನು ಕರೆತಂದ. ಹೊರದೇಶದ ಪರೀಕ್ಷೆಯಲ್ಲಿ ಪ್ರಬಂಧವನ್ನು ಟೈಪ್ ಮಾಡಬೇಕು, ಅವಳ ಬೆರಳು ಓಡುತ್ತಿರಲಿಲ್ಲ. ಬೆರಳು ತಿದ್ದುತ್ತಾ ಮೇಷ್ಟ್ರು ವಾಕ್ಯವನ್ನೂ ತಿದ್ದಿದರು. ಅವಳು ಪಾಸಾದಳು. ಮುಂದಿನ ತಿಂಗಳು ಮೂವರು ಬಂದರು.

ಅವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಇಂಗ್ಲಿಷನ್ನು ಕಲಿತದ್ದು ಟೈಪಿಂಗಿಗೆಂದು ಕೊಡುವ ಪತ್ರ, ವರದಿ, ಭಾಷಣಗಳನ್ನು ಸಾವಿರಾರು ಸಲ ಹೊಡೆದು. ಕಾಲ, ವಚನ, ಅಲ್ಪವಿರಾಮ ಎಲ್ಲ ಬೆರಳಿನಲ್ಲಿವೆ. ಮಾತಾಡುವಾಗ ಅವರ ಇಂಗ್ಲಿಷ್ ಮಧುಗಿರಿಯದೇ. ಅದನ್ನು ಬದಲಿಸುವ ಯೋಚನೆ ಅವರಿಗಿಲ್ಲ. ಹುಡುಗರಿಗೂ ಬಿಡುವುದಿಲ್ಲ. ಮೂಗಿನಲ್ಲಿ ಇಂಗ್ಲಿಷ್ ಆಡಲು ಹೋದ ಹಾಲೇಶನಿಗೆ, "ಲೇ, ನೆಗಡಿ ಆಗೈತೇನ್ಲಾ?" ಎಂದರಂತೆ. ಅವತ್ತಿನಿಂದ ಅವನು ತನ್ನ ಬಾಯಿಯಲ್ಲೇ ಮಾತಾಡುತ್ತಿದ್ದಾನೆ.

ದಿನಕ್ಕೆ ನಲವತ್ತು ಪದಗಳ ಪರೀಕ್ಷೆ. ಹಳೆಯ ಮದುವೆ ಕಾಗದಗಳ ಬೆನ್ನಿಗೆ ಪದ ಹೊಡೆದು, ಕತ್ತರಿಸಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಟ್ಟಿದ್ದಾರೆ. ಈಗ ಮೂರು ಸಾವಿರದ ನೂರು ಚೀಟಿಗಳಿವೆ. ಚೀಟಿ ಎತ್ತಿದವರು ಅರ್ಥವನ್ನು ನಿಘಂಟಿನಂತೆ ಒಪ್ಪಿಸುವ ಹಾಗಿಲ್ಲ, ಕಣ್ಣಾರೆ ಕಂಡದ್ದನ್ನು ಹೇಳಬೇಕು. ಒಲ್ಲದ ಮನಸ್ಸಿನ ಎಂಬರ್ಥದ ಪದ ಬಂದು, "ರಿಲಕ್ಟೆಂಟ್ ಅಂದ್ರೆ?" ಎಂದು ಕೇಳಿದರೆ ಕೊರಟಗೆರೆಯ ಹುಡುಗಿ, "ಸಂತೆಗೆ ಹೊಡ್ಕೊಂಡು ಹೋದ್ರೆ ನಮ್ಮೆಮ್ಮೆ ಸಾರ್" ಎನ್ನುತ್ತಾಳೆ. ಮೇಷ್ಟ್ರು, "ಸರಿ, ಎಮ್ಮೆ ಪಾಸು, ನೀನೂ ಪಾಸು" ಎನ್ನುತ್ತಾರೆ.

ಪದಗಳು ಇಷ್ಟೆಲ್ಲ ಗಟ್ಟಿಯಿದ್ದೂ ಜನವರಿಯ ಮೊದಲ ಪರೀಕ್ಷೆಯಲ್ಲಿ ಸ್ಪಂದನಾ ಫೇಲಾದಳು.

ವಳ್ಳೂರಿನಲ್ಲಿ ಅವರ ಮನೆಯ ಜಮೀನು ಸೋಲಾರ್ ಫಲಕಗಳ ಕೆಳಗಿದೆ, ಗುತ್ತಿಗೆಗೆ ಕೊಟ್ಟದ್ದು. ಫಲಕದ ನೆರಳಿನಲ್ಲಿ ಮಣ್ಣು ಏನಾಗುತ್ತದೆ, ಅಲ್ಲಿ ಏನು ಬೆಳೆಯಬಹುದು ಎಂಬುದನ್ನೇ ಓದಬೇಕೆಂದು ಅವಳು ಒಂದು ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಳು. ಸೀಟು ಸಿಕ್ಕಿದೆ. ಷರತ್ತು ಒಂದೇ: ಇಂಗ್ಲಿಷಿನ ಪ್ರತಿ ಭಾಗದಲ್ಲೂ ತೊಂಬತ್ತಕ್ಕೆ ಅರವತ್ತೈದು ಬರಬೇಕು, ಅದೂ ಏಪ್ರಿಲ್ ಮುಗಿಯುವುದರೊಳಗೆ. ಪದ, ವ್ಯಾಕರಣ, ಬರಹ ಎಲ್ಲದರಲ್ಲೂ ಎಪ್ಪತ್ತರ ಮೇಲೆ ಬಂದಿತ್ತು. ಮಾತಿನಲ್ಲಿ ಮಾತ್ರ ನಲವತ್ತೊಂದು.

ಚಿಕ್ಕಮ್ಮನಿಗೂ ಊರಿನಲ್ಲಿರುವ ಅಜ್ಜಿ ನರಸಮ್ಮನಿಗೂ ಅವಳು ಒಂದೇ ಮಾತು ಹೇಳಿದಳು: "ಭಯ ಆಯ್ತು, ಬಾಯೇ ಬರ್ಲಿಲ್ಲ." ತರಗತಿಯಲ್ಲೂ ಅದನ್ನೇ ಹೇಳಿದಳು. ಮೇಷ್ಟ್ರು ನಂಬಲಿಲ್ಲ. ಇಷ್ಟು ತಯಾರಾದ ಹುಡುಗಿಯ ಬಾಯಿ ಹೇಗೆ ಕಟ್ಟಿತು? ಅದನ್ನು ತಿಳಿಯಲು ತಾವೇ ಪರೀಕ್ಷೆ ಬರೆಯುತ್ತೇನೆಂದು ಹೊರಟರು.

ಅದಕ್ಕೆ ಪಾಸ್‌ಪೋರ್ಟ್ ಬೇಕಿತ್ತು. ಮಾಡಿಸಿದರು. ವಿಚಾರಣೆಗೆ ಪೊಲೀಸರು ಬಂದಾಗ ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. "ನಾಕ್ ಜನ ಬಂದು ಕೇಳಿದ್ರು, ಮೇಷ್ಟ್ರು ಏನ್ ಮಾಡಿದ್ರು ಅಂತ" ಎಂದು ಅವರ ಹೆಂಡತಿ ಚನ್ನಮಲ್ಲಮ್ಮ ನೆನೆಸಿಕೊಳ್ಳುತ್ತಾರೆ. "ಏನೂ ಮಾಡಿಲ್ಲ ಕಣಮ್ಮ, ಈ ವಯಸ್ನಲ್ಲಿ ಪರೀಕ್ಷೆ ಬರೀತಾರಂತೆ ಅಂದೆ. ಅದಕ್ಕಿಂತ ಕಳ್ತನ ಮಾಡಿದ್ರು ಅಂದಿದ್ರೇ ವಾಸಿಯಾಗಿತ್ತು, ಅಷ್ಟು ನಕ್ಕರು." ಆ ಪಾಸ್‌ಪೋರ್ಟಿನಲ್ಲಿ ಇನ್ನೂ ಒಂದು ಮುದ್ರೆಯೂ ಬಿದ್ದಿಲ್ಲ. ಅದನ್ನು ತೋರಿಸಿ ಬೆಂಗಳೂರಿನ ಪರೀಕ್ಷಾ ಕೇಂದ್ರವೊಂದರಲ್ಲಿ ಮಾರ್ಚ್ ತಿಂಗಳಲ್ಲಿ ಅವರು ಹೆಡ್‌ಫೋನ್ ಹಾಕಿಕೊಂಡು ಕೂತರು. ಸುತ್ತ ಇದ್ದವರೆಲ್ಲ ಮೊಮ್ಮಕ್ಕಳ ವಯಸ್ಸಿನವರು.

ಮೊದಲ ಮಾತಿನ ಪ್ರಶ್ನೆ ಬಂತು. ಅವರು ಮನಸ್ಸಿನಲ್ಲಿ ಐದರವರೆಗೆ ಎಣಿಸಿ ಬಾಯಿ ತೆರೆದರು. ಅಷ್ಟರಲ್ಲಿ ಮೈಕು ಮುಚ್ಚಿತ್ತು.

ಐದು ಎಣಿಸುವುದು ಅವರದೇ ಪಾಠ. ಟೈಪಿಂಗ್ ಕೆಲಸದಲ್ಲಿ ಅವಸರಕ್ಕೆ ಜಾಗವಿಲ್ಲ. ಒಂದು ತಪ್ಪು ಕೀಲಿ ಬಿದ್ದರೆ ಕಾರ್ಬನ್ ಹಾಳೆಗಳ ಕೆಳಗಿನ ಮೂರು ಪ್ರತಿಗಳಿಗೂ ಇಳಿಯುತ್ತದೆ. ಆದ್ದರಿಂದ ಮೂವತ್ತಮೂರು ವರ್ಷ ಅವರು ಪ್ರತಿ ಹುಡುಗನಿಗೂ ಹೇಳಿದ್ದು, ಯೋಚನೆ ಮಾಡಿ ಬೆರಳಿಡು ಎಂದೇ. ಮೊದಮೊದಲು ಬಂದವರು ಗಾಬರಿಗೆ ಗಡಗಡನೆ ಮಾತಾಡಿ ಹೇಗೋ ದಾಟಿದ್ದರು. ಸ್ಪಂದನಾ ಹೇಳಿದ ಮಾತು ಕೇಳುವ ಹುಡುಗಿ. ಜನವರಿಯ ಪರೀಕ್ಷೆಗೆ ಹೊರಟಾಗ ಮೇಷ್ಟ್ರು ಅವಳಿಗೆ, "ಪ್ರಶ್ನೆ ಬಂದ ತಕ್ಷಣ ಬಾಯಿ ಹಾಕ್ಬೇಡ ಕಣಮ್ಮ, ಐದು ಎಣಿಸಿ ಆಮೇಲೆ ಶುರು ಮಾಡು" ಎಂದಿದ್ದರು. ಅವಳು ಪ್ರತಿ ಪ್ರಶ್ನೆಗೂ ಐದು ಎಣಿಸಿದ್ದಳು ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು.

ಬೆಂಗಳೂರಿನಿಂದ ವಾಪಸು ಬಂದ ಮರುದಿನವೇ ಎಕ್ಸ್ ಕೀಲಿಯ ಅಭ್ಯಾಸ ಶುರುವಾಯಿತು. ಯಾಕೆಂದು ಮೇಷ್ಟ್ರು ಬಿಡಿಸಿ ಹೇಳಲಿಲ್ಲ. ಐದು ಎಣಿಸಿದ ಮಾತನ್ನು ಸ್ಪಂದನಾ ಯಾರ ಮುಂದೆಯೂ ಎತ್ತಲಿಲ್ಲ. ಈಗಲೂ ಎತ್ತಿಲ್ಲ.

"ಆ ಹುಡುಗಿ ನನ್ನ ಮರ್ಯಾದೆ ಕಾಯ್ತಾ ಅವ್ಳೆ. ಅದೇ ನಂಗೆ ತಡೀತಿಲ್ಲ" ಎನ್ನುತ್ತಾರೆ ರೇಣುಕಪ್ರಸಾದ್. ತಮ್ಮ ಬಗ್ಗೆ ಪತ್ರಿಕೆಗೆ ಬರೆಯುವುದು ಬೇಡವೆಂದು ಎರಡು ಸಲ ತಿರುಗಿಸಿ ಕಳಿಸಿದ್ದವರು ಮೂರನೇ ಸಲ ಒಪ್ಪಿದ್ದು ಒಂದು ಷರತ್ತಿನ ಮೇಲೆ: "ಇದನ್ನ ಬರೀರಿ. ಇದಿಲ್ದಿದ್ರೆ ನನ್ ಹೆಸರೂ ಬೇಡ, ಫೋಟೋನೂ ಬೇಡ."

ಸ್ಪಂದನಾಳ ಜನವರಿಯ ಸೋಲಿನ ಸುದ್ದಿ ಹರಡಿದಾಗ, ಹುಡುಗರನ್ನು ಹೊರದೇಶಕ್ಕೆ ಓದಲು ಕಳಿಸುವ ತುಮಕೂರಿನ ಕನ್ಸಲ್ಟೆನ್ಸಿಯೊಂದರ ಪ್ರತಿನಿಧಿ ಮಹಡಿ ಹತ್ತಿ ಬಂದಿದ್ದರು. ನಮ್ಮ ಬೋರ್ಡು ಇಲ್ಲಿ ನೇತುಹಾಕಿ, ನಮ್ಮ ಪುಸ್ತಕದ ಸಿದ್ಧ ಉತ್ತರಗಳನ್ನು ಬಾಯಿಪಾಠ ಮಾಡಿಸಿ ಸಾಕು ಎಂದರು. ಮೇಷ್ಟ್ರು ಪುಸ್ತಕ ತೆರೆದು ನೋಡಿದರು. ಮೆಚ್ಚಿನ ಜಾಗದ ಬಗ್ಗೆ ಹೇಳಿ ಎಂಬ ಪ್ರಶ್ನೆಗೆ ಅಲ್ಲಿ ಸಮುದ್ರದಂಡೆಯ ವರ್ಣನೆಯಿತ್ತು.

"ನಮ್ ಹುಡುಗರು ಸಮುದ್ರ ನೋಡಿಲ್ಲ ಸ್ವಾಮಿ. ಮದಲೂರು ಕೆರೆ ನೋಡವ್ರೆ. ಕೆರೆ ಬಗ್ಗೇನೇ ಮಾತಾಡ್ತಾರೆ."

"ಕೆರೆ ಹೇಳಿದ್ರೆ ಮಾರ್ಕ್ಸ್ ಬರುತ್ತಾ?"

"ಬರ್ದೇ ಇದ್ರೆ ಮಿಷನ್ನೇ ಒಂದ್ ಸಲ ಬಂದು ಕೆರೆ ನೋಡ್ಕೊಂಡು ಹೋಗ್ಲಿ ಬುಡಿ."

ಬೋರ್ಡು ಬಂದ ದಾರಿಯಲ್ಲೇ ಮೆಟ್ಟಿಲಿಳಿಯಿತು.

ಎಕ್ಸ್ ಅಭ್ಯಾಸದ ಮೊದಲ ದಿನ ಸ್ಪಂದನಾಳ ಹಾಳೆಯಲ್ಲಿ ಬಿದ್ದದ್ದು ಮೂವತ್ತೊಂದು ಎಕ್ಸ್. ಒಂದು ವಾರಕ್ಕೆ ಹದಿನೆಂಟು. ಪರೀಕ್ಷೆಗೆ ಒಂಬತ್ತು ದಿನ ಉಳಿದಿರುವ ಈ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಎರಡೇ ಬಿದ್ದಿವೆ. ಆಗ ಮೇಷ್ಟ್ರು ಕೇಳುತ್ತಾರೆ: ನಿಮ್ಮೂರಿನಲ್ಲಿ ಬದಲಾದ ಒಂದು ಜಾಗದ ಬಗ್ಗೆ ಹೇಳು.

ಅವಳು ಇಂಗ್ಲಿಷಿನಲ್ಲಿ ತಮ್ಮ ಹೊಲದ ಬಗ್ಗೆ ಹೇಳತೊಡಗುತ್ತಾಳೆ. ಅಜ್ಜಿ ಕಡಲೆಕಾಯಿ ಕೀಳುತ್ತಿದ್ದ ಸಾಲುಗಳು, ಈಗ ಅದೇ ಸಾಲಿನಲ್ಲಿ ನಿಂತ ಫಲಕಗಳು, ಬೇಲಿಯ ಈಚೆ ನಿಂತು ಅಜ್ಜಿ ಯಾವುದು ತನ್ನ ಹೊಲವೆಂದು ಬೆರಳು ಮಾಡುವುದು. ಅಲ್ಲಿಗೆ ಬಂದು ನಿಲ್ಲುತ್ತಾಳೆ. ಹಿಂದೆ ಟೈಪ್ ಮಾಡುತ್ತಿದ್ದವರೂ ನಿಲ್ಲಿಸುತ್ತಾರೆ. ಒಂದು. ಎರಡು. ಮೂರು. ಮೇಷ್ಟ್ರ ಬೆರಳು ಇಳಿಯುತ್ತದೆ.

ಠಕ್.

"ಸಾರ್, ಅದು ಮಾತು ಬರ್ದೆ ನಿಂತಿದ್ದಲ್ಲ" ಎನ್ನುತ್ತಾಳೆ ಅವಳು, ಗೋಡೆ ನೋಡುತ್ತಲೇ.

"ನಂಗೆ ಗೊತ್ತು ಕಣಮ್ಮ. ಮಿಷನ್ನಿಗೆ ಗೊತ್ತಿಲ್ವಲ್ಲ."

"ಅಂಗಾದ್ರೆ ಅದಕ್ಕೂ ಗೊತ್ತಾಗ್ಲಿ. ಇನ್ನೊಂದ್ ಸಲಿ ಕೇಳಿ."

ಮೇಷ್ಟ್ರು ಹೊಸ ಹಾಳೆ ಏರಿಸುತ್ತಾರೆ. ಅವಳು ಅದೇ ಹೊಲವನ್ನು ಮತ್ತೆ ಹೇಳುತ್ತಾಳೆ, ಅದೇ ಬೇಲಿಗೆ ಬರುತ್ತಾಳೆ. ಈ ಸಲ ಧ್ವನಿ ಒಡೆಯುತ್ತದೆ, ಮಾತು ನಿಲ್ಲುವುದಿಲ್ಲ. ಬೇಲಿ ದಾಟಿ, ಫಲಕದ ಕೆಳಗಿನ ಮಣ್ಣಿಗೆ ಇಳಿದು, ಅಲ್ಲಿ ತಾನು ಏನು ಬೆಳೆಯುತ್ತೇನೆ ಎಂಬಲ್ಲಿಗೆ ಮುಗಿಸುತ್ತಾಳೆ. ಹಾಳೆ ಬಿಳಿಯಾಗಿಯೇ ಇದೆ. ಹಾಲೇಶ್, "ಮಿಷನ್ ಔಟು!" ಎಂದು ಕೂಗುತ್ತಾನೆ. ಮೇಷ್ಟ್ರು ಅವನಿಗೆ, "ನಿಂದು ನಲವತ್ತು ಪದ ಆಯ್ತೇನ್ಲಾ?" ಎಂದು ಗದರುತ್ತಾರೆ. ಆ ಬಿಳಿಯ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಳ್ಳುತ್ತಾರೆ.

ಅವತ್ತೂ ಅವರು ಹೇಳುವುದಿಲ್ಲ.

ಏಪ್ರಿಲ್ ಇಪ್ಪತ್ತಮೂರು. ಎರಡನೇ ಪರೀಕ್ಷೆಯ ಫಲಿತಾಂಶ ಬರುವ ದಿನ ಸ್ಪಂದನಾ ವಳ್ಳೂರಿನಲ್ಲಿದ್ದಾಳೆ. ಬೆಳಗಿನ ತರಗತಿ ಮುಗಿದು, ಚನ್ನಮಲ್ಲಮ್ಮ ತಂದಿಟ್ಟ ಉಪ್ಪಿಟ್ಟು ಆರುತ್ತಿರುವಾಗ ಮೇಷ್ಟ್ರ ಫೋನು ಸದ್ದು ಮಾಡುತ್ತದೆ. ಅವರು ಸ್ಪೀಕರಿಗೆ ಹಾಕುತ್ತಾರೆ.

"ಸಾರ್, ಬಂತು."

"ಮಾತಿಗೆ ಎಷ್ಟಮ್ಮ?"

"ಎಪ್ಪತ್ತೆರಡು."

ಹಿಂದಿನಿಂದ ನರಸಮ್ಮನ ಧ್ವನಿ ತೆಲುಗಿನಲ್ಲಿ ಕೇಳುತ್ತದೆ, "ಮಿಷನ್ನು ಓಡಿಪೋಯಿಂದಾ?" ಮಿಷನ್ನು ಸೋತು ಹೋಯಿತಾ ಎಂದು. ಸ್ಪಂದನಾ ನಗುತ್ತಾಳೆ. ಆಮೇಲೆ ಎರಡೂ ಕಡೆ ಮಾತಿಲ್ಲ. ಮೂರು ಸೆಕೆಂಡು ಯಾವಾಗಲೋ ಕಳೆದುಹೋಗಿದೆ. ಹತ್ತೂ ಆಗಿರಬಹುದು. ಕಿಟಕಿಯ ಪಕ್ಕದ ಯಂತ್ರದ ಮುಂದೆ ಯಾರೂ ಕೂತಿಲ್ಲ.

"ಹೋದ ಸಲಿ ಭಯಕ್ಕೆ ಬಾಯಿ ಬರ್ಲಿಲ್ಲ ಸಾರ್, ಅಷ್ಟೇ. ಈ ಸಲಿ ಭಯ ಪಡ್ಲಿಲ್ಲ" ಎನ್ನುತ್ತಾಳೆ ಅವಳು.

ಮೇಷ್ಟ್ರು ಬಾಯಿ ತೆರೆಯುತ್ತಾರೆ. ಚನ್ನಮಲ್ಲಮ್ಮ ಅವರ ಮುಖವನ್ನೇ ನೋಡುತ್ತಾ ನಿಂತಿದ್ದಾರೆ.

"ಹೂಂ ಕಣಮ್ಮ. ಹೋಗು, ಅಜ್ಜಿಗೆ ಊಟಕ್ಕಿಡು."

ಫೋನು ಕೆಳಗಿಟ್ಟು, ಎಕ್ಸ್ ಕೀಲಿಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತಾರೆ. ನಾಳೆಗೆ ಇನ್ನೂ ಹತ್ತು ಮಂದಿ ಇದ್ದಾರೆ. "ಷರತ್ತು ನೆನಪೈತಲ್ಲ? ಬರೀರಿ" ಎಂದು ಪತ್ರಿಕೆಯವರತ್ತ ತಿರುಗಿ ಹೇಳುತ್ತಾರೆ. "ಅವಳು ಪೇಪರ್ ಓದ್ತಾಳೆ."

ಐದು ಎಣಿಸು ಎಂದದ್ದು ನಾನು, ತಪ್ಪು ನನ್ನದು ಎಂದು ಅವರು ಸ್ಪಂದನಾಳಿಗೆ ಒಮ್ಮೆಯೂ ಹೇಳಲಿಲ್ಲ.