ಕೆರೆ ಏರಿಯ ಮೇಲಿನ ಪಾಠ

ಆ ಪುಸ್ತಕವನ್ನು ಮೊದಲ ಸಲ ಓದುವಾಗಲೇ ಏಳನೇ ಅಧ್ಯಾಯಕ್ಕೆ ಬಂದು ನನ್ನ ಕೈ ನಿಂತಿತ್ತು.

ನೂರು ಪುಟವೂ ಇಲ್ಲದ ಮಕ್ಕಳ ಕಾದಂಬರಿ. ಕರು ಕಳೆದುಕೊಂಡ ಹುಡುಗನೊಬ್ಬ ಅದನ್ನು ಹುಡುಕುತ್ತ ಹಳ್ಳದ ಗುಂಟ ಮೇಲಕ್ಕೆ ಹೋಗುತ್ತಾನೆ. ಒಂದೊಂದು ಅಧ್ಯಾಯದಲ್ಲಿ ಒಂದೊಂದು ಜಾಗ. ಬಾವಿ, ಮಾವಿನ ತೋಪು, ಕೆರೆ, ಕಾಡಿನ ಅಂಚು. ಏಳನೆಯದರಲ್ಲಿ ಅವನು ಒಂದು ಮರದ ಪೊಟರೆಯಲ್ಲಿ ಅಡಗಿ ಕೂತಿರುವಾಗ ಆನೆ ಹಿಂಡು ಅವನನ್ನು ಸವರಿಕೊಂಡ ಹಾಗೆ ಹಾದುಹೋಗುತ್ತದೆ. ಬರೆದವರು ಅದನ್ನು ಚೆನ್ನಾಗಿ ಬರೆದಿದ್ದರು. ಚೆನ್ನಾಗಿತ್ತು ಅನ್ನುವುದೇ ನನ್ನ ತೊಂದರೆಯಾಯಿತು.

ನಾನು ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನವಳು. ತಳಿಯ ಕಡೆ ಹೋಗುವ ಬಸ್ಸು ಹಿಡಿದು ದಿನವೂ ಒಂದು ಹಳ್ಳಿಯ ಕನ್ನಡ ಶಾಲೆಗೆ ಹೋಗಿ ಬರುತ್ತೇನೆ. ನಾಲ್ಕು, ಐದನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ಚಿಕ್ಕ ಶಾಲೆ. ಒಂದು ತರಬೇತಿಯಲ್ಲಿ, ಒಂದೇ ಕಥೆಪುಸ್ತಕ ಇಟ್ಟುಕೊಂಡು ಎಲ್ಲ ವಿಷಯಗಳನ್ನೂ ಅದರೊಳಗಿಂದಲೇ ಕಲಿಸಬಹುದು ಎಂದು ಹೇಳಿಕೊಟ್ಟಿದ್ದರು. ನನಗೆ ಆಸೆ ಹುಟ್ಟಿತು. ನಮ್ಮ ಶಾಲೆಯಲ್ಲಿ ಗಣಿತ ಮತ್ತು ತಮಿಳು ಹೇಳಿಕೊಡುವ ಮೇಷ್ಟ್ರು ಕೃಷ್ಣಗಿರಿ ಕಡೆಯವರು. ಕನ್ನಡವನ್ನು ಇಲ್ಲಿಗೆ ಬಂದ ಮೇಲೆ ಮಕ್ಕಳ ಬಾಯಿಂದಲೇ ಕಲಿತವರು. ಅವರೂ ಜೊತೆಗೆ ಬಂದರು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿಕೊಂಡು ಕೂರುತ್ತಿದ್ದೆವು. ಬಾವಿ ಬಂದಲ್ಲಿ ಆಳದ ಲೆಕ್ಕ, ತೋಪು ಬಂದಲ್ಲಿ ಎಲೆಗಳ ಪಾಠ, ಹಳ್ಳ ಬಂದಲ್ಲಿ ಮಣ್ಣು ಮತ್ತು ನೀರು. ಕೆರೆ ಬಂದಾಗ ನಮ್ಮೂರ ಕೆರೆಗೇ ಹೋಗಿ ಏರಿಯನ್ನು ಹಗ್ಗದಲ್ಲಿ ಅಳೆದು ನಕ್ಷೆ ಬರೆಯುವುದು. ಕಥೆಯಲ್ಲಿ ಬರುವ ಮಾತುಗಳನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆದು ಗೋಡೆಗೆ ಅಂಟಿಸುವುದು. ಕೆರೆಗೆ ಮೂರು ಬೇರೆ ಮಾತು ಸಿಕ್ಕಿದವು, ಹುಡುಗನಿಗೂ ಸಿಕ್ಕಿದವು. ಭಯಕ್ಕೆ ಮಾತ್ರ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಮಾತು.

ಏಳನೇ ಅಧ್ಯಾಯದ ಎದುರಿನ ಜಾಗ ಖಾಲಿ ಉಳಿಯಿತು.

ಕಾರಣ ನಮ್ಮ ಐದನೇ ತರಗತಿಯ ಒಬ್ಬ ಹುಡುಗಿ. ಹಿಂದಿನ ವರ್ಷ ರಾಗಿ ಹೊಲ ಕಾಯಲು ಹೋಗಿದ್ದ ಅವಳ ತಾತನನ್ನು ಆನೆ ತುಳಿದು ಕೊಂದಿತ್ತು. ಆ ಮೇಲೆ ಅವಳು ಶಾಲೆಯಲ್ಲಿ ಅತ್ತದ್ದನ್ನು ನಾನು ನೋಡಿಲ್ಲ. ಮಾತು ಮಾತ್ರ ಕಡಿಮೆಯಾಗಿತ್ತು. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿ ಮುಗಿಸುತ್ತಿದ್ದಳು, ಅಷ್ಟೆ.

"ಟೀಚರ್, ಏಳನೇದು ಬಿಟ್ಟುಡೋಣ. ಆ ಮಗೂಗೆ ಬೇಡ," ಎಂದರು ಮೇಷ್ಟ್ರು.

"ಬಿಟ್ಟರೆ ಹುಡುಗ ಕಾಡಿಂದ ಹೇಗೆ ಬಂದ ಅಂತ ಉಳಿದವರು ಕೇಳಲ್ವಾ ಸಾರ್?"

"ಕೇಳಿದ್ರೆ ಅಪ್ಪುರಂ, ಆಮೇಲೆ ನೋಡ್ಕೊಳ್ಳೋಣ. ಈಗ ಕೆರೆ ತನಕ ಹೋಗೋಣ."

ಹಾಗೆ ಕೆರೆಯ ತನಕ ಬಂದೆವು.

ಆಗ ರಾಗಿ ಕೊಯ್ಲಿಗೆ ಬಂದಿತ್ತು. ಆ ಕಾಲದಲ್ಲಿ ನಮ್ಮ ಕಡೆ ಆನೆಯ ಸುದ್ದಿ ಇಲ್ಲದ ದಿನವಿಲ್ಲ. ಯಾವ ಹಿಂಡು ಎಲ್ಲಿದೆ ಎಂದು ಬೆಳಿಗ್ಗೆ ಅರಣ್ಯ ಇಲಾಖೆಯಿಂದ ಎಲ್ಲರ ಫೋನಿಗೂ ಬರುತ್ತದೆ. ಆ ದಿನ ಹಿಂಡು ಕಾಡಿನ ಆಚೆ ಬದಿಗೆ ದಾಟಿದೆ ಎಂದಿತ್ತು. ಆದರೂ ನಾನು ಹೆಚ್.ಎಂ. ಹತ್ತಿರ ಇನ್ನೊಮ್ಮೆ ಕೇಳಿದೆ. ಅವರು ಊರಿನ ಒಬ್ಬಿಬ್ಬರಿಗೆ ಫೋನು ಮಾಡಿ, ಏನೂ ಇಲ್ಲವಂತೆ, ಬೇಗ ಹೋಗಿ ಬೇಗ ಬನ್ನಿ ಎಂದರು. ಬಿಸಿಲು ಚೆನ್ನಾಗಿತ್ತು. ಮಕ್ಕಳು ಹಾಡಿಕೊಂಡು ನಡೆದರು. ಕೆರೆ ಶಾಲೆಯಿಂದ ದೂರವೇನಲ್ಲ.

ಮೇಷ್ಟ್ರು ಒಂದಷ್ಟು ಮಕ್ಕಳನ್ನು ಏರಿಯ ಕೆಳಗೆ ಮಣ್ಣು ಅಗೆಯಲು ಕರೆದುಕೊಂಡು ಹೋದರು. ನಾನು ಉಳಿದವರ ಜೊತೆ ಏರಿ ಹತ್ತಿದೆ. ಮೀಟರಿಗೊಂದು ಗಂಟು ಹಾಕಿದ ಉದ್ದನೆಯ ಹಗ್ಗ ನಮ್ಮ ಹತ್ತಿರ ಇತ್ತು. ಏರಿ ತೂಬಿನ ಹತ್ತಿರ ಬಾಗುತ್ತದೆ. ಅಲ್ಲಿ ಹೊಂಗೆ ಮರಗಳೂ ಲಾಂಟಾನದ ಪೊದೆಯೂ ಇರುವುದರಿಂದ ಈಚೆ ನಿಂತವರಿಗೆ ಆಚೆ ಕಾಣುವುದಿಲ್ಲ. ಆ ಹುಡುಗಿಯನ್ನು ತೂಬಿನ ಹತ್ತಿರ ನಿಲ್ಲಿಸಿ ಹಗ್ಗದ ತುದಿ ಕೈಗೆ ಕೊಟ್ಟೆ.

"ನಾನು ಬಾ ಅನ್ನೋವರೆಗೂ ಬಿಡಬೇಡ ಕಣಮ್ಮ. ನೀನು ಬಿಟ್ಟರೆ ಲೆಕ್ಕ ಎಲ್ಲಾ ತಪ್ಪೋಗುತ್ತೆ."

ಅವಳು ತಲೆಯಾಡಿಸಿದಳು. ನಾವು ಹಗ್ಗ ಬಿಚ್ಚಿಕೊಂಡು ಈಚೆ ಬಂದೆವು.

ಗಂಟುಗಳನ್ನು ಎಣಿಸುತ್ತಿರುವಾಗಲೇ ಕೆಳಗಿನ ದಾರಿಯಲ್ಲಿ ಬೈಕಿನ ಮೇಲೆ ಬಂದ ಒಬ್ಬಾತ ಗಾಡಿ ನಿಲ್ಲಿಸದೆಯೇ ತೆಲುಗಿನಲ್ಲಿ ಕೂಗಿದ. "ಏನುಗು! ಏನುಗು ಉಂದಿ ತೋಪುಲೋ!" ಆನೆ, ತೋಪಿನಲ್ಲಿ. ತೂಬಿನಾಚೆ ಏರಿಯ ಕೆಳಗಿನ ನೀಲಗಿರಿ ತೋಪಿನ ಕಡೆ ಕೈ ತೋರಿಸಿ ಹೋಗಿಬಿಟ್ಟ. ಹಿಂಡಿನಿಂದ ತಪ್ಪಿಸಿಕೊಂಡ ಒಂದು ಗಂಡಾನೆ ಬೆಳಗಾದ ಮೇಲೂ ಅಲ್ಲೇ ಉಳಿದುಬಿಟ್ಟಿದ್ದು ಆಮೇಲೆ ಗೊತ್ತಾಯಿತು.

ಮೇಷ್ಟ್ರು ಕನ್ನಡ ಮರೆತರು. "ಓಡುಂಗ! ಓಡುಂಗ!" ಎಂದು ಕೂಗುತ್ತ ಮಕ್ಕಳನ್ನು ಏರಿಯ ಈಚೆ ತುದಿಯಲ್ಲಿದ್ದ ಮೋಟಾರು ಶೆಡ್ಡಿನ ಕಡೆ ಅಟ್ಟಿದರು. ನನ್ನ ಕೈಯಲ್ಲಿದ್ದವರನ್ನೂ ಎಳೆದುಕೊಂಡು ನಾನೂ ಓಡಿದೆ. ಕಲ್ಲಿನ ಗೋಡೆ, ಕಬ್ಬಿಣದ ಬಾಗಿಲು. ಒಳಗೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದ ಹಾಗೆ ನಿಂತರು. ಒಬ್ಬ ಚಿಕ್ಕವನು ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡ. ನಾನು ತಲೆ ಎಣಿಸಿದೆ. ಮತ್ತೆ ಎಣಿಸಿದೆ.

"ಸಾರ್, ಒಬ್ಬಳು ಇಲ್ಲ."

ಯಾರೆಂದು ಹೇಳಬೇಕಾಗಲಿಲ್ಲ. ಮೇಷ್ಟ್ರು ಬಾಗಿಲ ಕಡೆ ತಿರುಗಿದರು. "ನಾನ್ ಹೋಗ್ತೀನಿ ಟೀಚರ್," ಎಂದರು.

"ಬೇಡ. ನೀವು ಬಾಗಿಲಲ್ಲಿ ನಿಲ್ಲಿ. ಅವಳು ನಿಂತಿರೋ ಜಾಗ ನನಗೆ ಗೊತ್ತು."

ಇದನ್ನು ಹೇಳಿದ್ದು ಧೈರ್ಯದಿಂದಲ್ಲ. ಶೆಡ್ಡಿನೊಳಗೆ ನಿಂತು ಕಾಯುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೆ. ಏರಿ ಹತ್ತಿದೆ. ಹೆಸರು ಹಿಡಿದು ಕೂಗಬೇಕು ಅನ್ನಿಸಿತು, ಕೂಗಿದರೆ ಆನೆಗೂ ಕೇಳುತ್ತದೆ. ನಾವು ಬಿಸಾಕಿ ಓಡಿದ್ದ ಹಗ್ಗ ಮಣ್ಣಿನ ಮೇಲೆ ಬಿದ್ದಿತ್ತು. ಯಾಕೋ ಬಗ್ಗಿ ಅದನ್ನು ಎತ್ತಿಕೊಂಡು ಮೆಲ್ಲಗೆ ಎಳೆದೆ. ಹಗ್ಗ ಸ್ವಲ್ಪ ಬಂತು. ಆಮೇಲೆ ಬಿಗಿಯಾಯಿತು.

ಆ ತುದಿಯನ್ನು ಅವಳು ಇನ್ನೂ ಹಿಡಿದುಕೊಂಡಿದ್ದಳು.

ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿ ಬಾಗಿ ನಡೆದೆ. ಪೊದೆ ದಾಟಿದಾಗ ತೂಬಿನ ಕಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದವಳು ಕಂಡಳು. ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದಳು. ಅವಳ ಕಣ್ಣು ಏರಿಯ ಕೆಳಗೆ ನೆಟ್ಟಿತ್ತು. ನಾನೂ ನೋಡಿದೆ. ನೀಲಗಿರಿ ಮರಗಳ ನಡುವೆ ಮಣ್ಣು ಬಣ್ಣದ ಒಂದು ಗೋಡೆ ಅಲುಗಾಡುತ್ತಿತ್ತು.

"ಬಾ," ಎಂದೆ. ಅವಳು ಬರಲಿಲ್ಲ. ಕೈ ಹಿಡಿದು ಎಳೆದರೂ ಕಾಲು ಕೀಳಲಿಲ್ಲ. ಅಷ್ಟರಲ್ಲಿ ಆನೆ ತೋಪಿನಿಂದ ಹೊರಗೆ ಬಂತು. ಓಡಿದರೆ ಬಯಲಿನಲ್ಲಿ ಸಿಕ್ಕಿಬೀಳುತ್ತೇವೆ. ತೂಬಿನ ಪಕ್ಕದಲ್ಲಿ ನೀರಿಗೆ ಇಳಿಯುವ ಕಲ್ಲು ಮೆಟ್ಟಿಲುಗಳಿವೆ. ಅವಳನ್ನು ಎತ್ತಿಕೊಂಡು ಅದರಲ್ಲಿ ಇಳಿದು, ನೀರು ಸೊಂಟಕ್ಕೆ ಬರುವ ಕಡೆ ಗೋಡೆಗೆ ಅಂಟಿ ಕೂತೆ. ಅವಳ ಮುಖವನ್ನು ನನ್ನ ಹೆಗಲಿಗೆ ಒತ್ತಿಕೊಂಡೆ.

ಆನೆ ಏರಿ ಹತ್ತಿದ್ದು ನಮಗೆ ಕಾಣಲಿಲ್ಲ. ಕೇಳಿಸಿತು. ಮಣ್ಣು ಜಾರುವ ಸದ್ದು, ಕೊಂಬೆ ಮುರಿದ ಸದ್ದು, ಆಮೇಲೆ ಅದರ ಹೊಟ್ಟೆಯೊಳಗಿನ ಗುಡುಗುಡು. ಹಸಿ ಹುಲ್ಲು ಮತ್ತು ಲದ್ದಿಯ ವಾಸನೆ ತಲೆಯ ಮೇಲಿಂದ ಇಳಿದು ಬಂತು. ಒಂದು ಹೆಂಟೆ ಉರುಳಿ ನನ್ನ ಪಕ್ಕದಲ್ಲೇ ನೀರಿಗೆ ಬಿತ್ತು. ಹುಡುಗಿ ಉಸಿರು ಬಿಡುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಅವಳಿಗೆ ಏನಾದರೂ ಹೇಳಬೇಕಿತ್ತು. ದೇವರ ಹೆಸರೂ ನೆನಪಾಗಲಿಲ್ಲ. ಅವಳ ತಾತನಿಗೂ ಕೊನೆಯಲ್ಲಿ ಇದೇ ಸದ್ದು ಕೇಳಿಸಿರಬೇಕು ಎಂಬ ಯೋಚನೆ ಬಂದು, ಅದನ್ನು ತಳ್ಳಿಹಾಕಲಾಗದೆ ಕಣ್ಣು ಮುಚ್ಚಿಕೊಂಡೆ.

ದೂರದಲ್ಲಿ ಪಟಾಕಿ ಸಿಡಿಯಿತು. ಊರಿನವರು ಬಂದಿದ್ದರು. ಗಾಬರಿಯಾಗಿ ಅದು ನಮ್ಮ ಕಡೆಯೇ ಇಳಿದರೆ ಅಂದುಕೊಂಡೆ. ಮೇಲೆ ಒಮ್ಮೆ ಘೀಳಿಟ್ಟಾಗ ಕಲ್ಲೂ ನಡುಗಿದ ಹಾಗಾಯಿತು. ಆಮೇಲೆ ಭಾರದ ಹೆಜ್ಜೆಗಳು ಏರಿಯ ಗುಂಟ ದೂರವಾದವು. ಎಷ್ಟು ಹೊತ್ತು ಹಾಗೇ ಕೂತಿದ್ದೆವೋ. ಕೊನೆಗೆ "ಒಂಟೋಯ್ತು ಟೀಚರಮ್ಮ, ಮೇಲಕ್ಕೆ ಬನ್ನಿ" ಎಂದು ಯಾರೋ ಕೈ ಚಾಚಿದರು.

ಮೇಲೆ ಬಂದ ಮೇಲೆ ಅವಳನ್ನು ಕೇಳಿದೆ. "ಎಲ್ಲರೂ ಓಡಿದ್ದು ಕೇಳಿಸಲಿಲ್ವಾ? ಯಾಕಮ್ಮ ಬರಲಿಲ್ಲ?"

"ನೀವೇ ಬಿಡ್ಬೇಡ ಅಂದಿದ್ರಲ್ಲ ಮಿಸ್," ಎಂದಳು.

ಹಗ್ಗ ಇನ್ನೂ ಅವಳ ಮುಷ್ಟಿಯಲ್ಲಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಶಾಲೆಗೆ ಮರಳುವಷ್ಟರಲ್ಲಿ ಸುದ್ದಿ ಹಬ್ಬಿ ಗೇಟಿನಲ್ಲಿ ತಾಯಂದಿರು ನೆರೆದಿದ್ದರು. ಅವಳ ಅಮ್ಮ ಗುಲಾಬಿ ತೋಟದ ಕೆಲಸದಿಂದ ಹಾಗೇ ಓಡಿ ಬಂದಿದ್ದಳು. ಒದ್ದೆ ಬಟ್ಟೆಯ ಮಗಳನ್ನು ಮೈಯೆಲ್ಲ ತಡವಿ ನೋಡಿದಳು. ಬೈಯುತ್ತಾಳೆಂದು ನಾನು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಮ್ಮ ಮಾವನ್ನ ಕಳ್ಕೊಂಡಿದೀವಿ ಟೀಚರಮ್ಮ," ಎಂದಳು ಮೆಲ್ಲಗೆ. "ಇನ್ನೊಂದ್ ಕಿತ ಹೊರಗೆ ಕರ್ಕೊಂಡೋಗ್ಬ್ಯಾಡಿ. ಬುಕ್ಕಿನಾಗೆ ಎಷ್ಟೈತೋ ಅಷ್ಟೇ ಹೇಳ್ಕೊಡಿ."

"ಆಗಲಿ," ಎಂದೆ.

ಮಾರನೆಯ ದಿನ ಹುಡುಗಿ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ನಾನು ಬಸ್ಸಿಳಿದು ಶಾಲೆಯತ್ತ ನಡೆಯುವಾಗಲೆಲ್ಲ ಅವಳ ಜಾಗ ಇವತ್ತೂ ಖಾಲಿಯಿರುತ್ತದೇನೋ ಎಂದುಕೊಳ್ಳುತ್ತಿದ್ದೆ. ರಾತ್ರಿ ಮನೆಯ ಹಿಂದಿನ ರಸ್ತೆಯಲ್ಲಿ ಲಾರಿ ಗುಡುಗಿದರೂ ಬೆಚ್ಚಿ ಏಳುತ್ತಿದ್ದೆ. ದೊಡ್ಡ ಹಾಳೆಯನ್ನು ಮಡಿಸಿ ಬೀರುವಿನಲ್ಲಿಟ್ಟು, ಈ ಯೋಜನೆ ಇಲ್ಲಿಗೇ ಮುಗಿಯಿತು ಎಂದು ಮೇಷ್ಟ್ರಿಗೆ ಹೇಳಿದೆ. ಅವರು ವಾದಿಸಲಿಲ್ಲ. ಅವರಿಗೂ ನಿದ್ದೆ ಬರುತ್ತಿರಲಿಲ್ಲವಂತೆ.

ಸೋಮವಾರ ಅವಳು ಬಂದಳು. ಎರಡು ಜಡೆ ಹಾಕಿ, ಅಮ್ಮನೇ ಗೇಟಿನ ತನಕ ತಂದು ಬಿಟ್ಟಿದ್ದಳು. ಹಾಜರಿ ಕೂಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಮಿಸ್, ನಾನಿಲ್ದಾಗ ಕತೆ ಓದ್ಬುಟ್ರಾ?"

"ಇಲ್ಲ."

"ಕರು ಸಿಕ್ತಾ?"

"ಇನ್ನೂ ಸಿಕ್ಕಿಲ್ಲ. ಮುಂದಿನ ಪಾಠದಲ್ಲಿ ಆನೆ ಬರುತ್ತೆ ಕಣಮ್ಮ. ಅದಕ್ಕೇ ಓದಿಲ್ಲ."

"ಆ ಹುಡುಗ ಸಾಯ್ತಾನಾ?"

"ಇಲ್ಲ, ಸಾಯಲ್ಲ."

"ಹಂಗಾದ್ರೆ ಓದಿ."

ಅವಳ ಅಮ್ಮನನ್ನು ಕೇಳದೆ ಓದಲು ನನಗೆ ಧೈರ್ಯವಿರಲಿಲ್ಲ. ಸಂಜೆ ಮೇಷ್ಟ್ರನ್ನು ಕರೆದುಕೊಂಡು ಹುಡುಗಿಯ ಮನೆಗೆ ಹೋದೆ. ಪುಸ್ತಕ ತೋರಿಸಿ, ಏಳನೇ ಅಧ್ಯಾಯದಲ್ಲಿ ಏನಿದೆಯೆಂದು ಬಿಡಿಸಿ ಹೇಳಿದೆ. ಆಕೆ ಪುಸ್ತಕ ತಿರುವಿ ನೋಡಿ, "ಒಳಗೇ ಕೂತ್ಕೊಂಡು ತಾನೇ? ಓದ್ಕೊಳ್ಳಿ. ಅವ್ಳು ಅತ್ರೆ ನಿಲ್ಸ್ಬುಡಿ," ಎಂದಳು.

ಅದನ್ನೇ ನಿಯಮ ಮಾಡಿಕೊಂಡೆವು. ಯಾರಿಗೆ ಹೆದರಿಕೆಯಾದರೂ ಕೈ ಎತ್ತಬಹುದು. ಎತ್ತಿದ ಕೂಡಲೇ ಓದು ನಿಲ್ಲುತ್ತದೆ. ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ. ಮೊದಲ ದಿನ ಅರ್ಧ ಪುಟಕ್ಕೇ ಅವಳ ಕೈ ಮೇಲೆ ಹೋಯಿತು. ಮಾರನೆಯ ದಿನ ಚಡ್ಡಿ ಒದ್ದೆ ಮಾಡಿಕೊಂಡಿದ್ದವನದು. ಆಮೇಲೆ ಇನ್ನೊಬ್ಬಳದು. ನಿಲ್ಲಿಸಿದಾಗಲೆಲ್ಲ ಬೇರೆ ಏನಾದರೂ ಮಾಡುತ್ತಿದ್ದೆವು. ನಕ್ಷೆಗೆ ಬಣ್ಣ ತುಂಬುವುದು, ಮಣ್ಣನ್ನು ನೀರಿಗೆ ಕದಡಿ ತಿಳಿಯಾಗುವುದನ್ನು ನೋಡುವುದು. ಏರಿಯ ಅಳತೆಯನ್ನು ಮೇಷ್ಟ್ರು ಊರಿನವರಿಂದ ತಿಳಿದುಕೊಂಡು ಬರೆಸಿದರು. ಒಂದೇ ದಿನಕ್ಕೆ ಮುಗಿಯಬಹುದಾಗಿದ್ದ ಅಧ್ಯಾಯ ಎಳೆದೂ ಎಳೆದೂ ಮುಂದೆ ಹೋಯಿತು.

ಆನೆ ಪೊಟರೆಯ ಬಾಯಿಗೆ ಸೊಂಡಿಲು ಹಾಕಿ ಮೂಸುವ ಪುಟ ಬಂದ ದಿನ ಮಕ್ಕಳ್ಯಾರೂ ಕೈ ಎತ್ತಲಿಲ್ಲ. ನಾನು ಓದುತ್ತಲೇ ಇದ್ದೆ. ಒಂದು ವಾಕ್ಯದ ನಡುವೆ ಆ ಹಸಿ ವಾಸನೆ ಮೂಗಿಗೆ ಬಡಿದಂತಾಯಿತು. ಅಕ್ಷರಗಳು ಒಂದಕ್ಕೊಂದು ಕಲೆತುಹೋದವು. ಪುಸ್ತಕವನ್ನು ಒಂದು ಕೈಗೆ ತೆಗೆದುಕೊಂಡೆ. ನಾನು ಇನ್ನೊಂದು ಕೈಯನ್ನು ಮೇಲಕ್ಕೆತ್ತಿದೆ.

ಯಾರೂ ನಗಲಿಲ್ಲ. ಯಾರೂ ಯಾಕೆ ಎಂದೂ ಕೇಳಲಿಲ್ಲ. ಎರಡು ಜಡೆಯ ಹುಡುಗಿ ತನ್ನ ಬಣ್ಣದ ಪೆಟ್ಟಿಗೆ ತೆರೆದಳು. ಉಳಿದವರೂ ತೆರೆದರು. ಉಳಿದ ಪುಟಗಳನ್ನು ನಾವು ಮರುದಿನ ಓದಿದೆವು.