ಹಿಂದಕ್ಕೆ ಹೋದ ತಾರೀಖು

ಸಿಂದಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೆ. ಅದು ಕಾಗದದ ಮೇಲಿನ ಮಾತು. ನಿಜವಾಗಿ ನೋಡಿಕೊಳ್ಳುತ್ತಿದ್ದವರು ಲ್ಯಾಬಿನ ಸಹಾಯಕಿ. ಮೋರಟಗಿಯಿಂದ ದಿನಾ ಟೆಂಪೋದಲ್ಲಿ ಬರುತ್ತಿದ್ದ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಾದ ಅವರನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಓದಿದ್ದು ಪಿಯುಸಿ. ವರ್ಷಕ್ಕೊಮ್ಮೆ ಮುಂದುವರಿಸುವ ಗುತ್ತಿಗೆಯ ಕೆಲಸ. ಸರ್ವರಿನ ಪರದೆಯ ಮೇಲೆ ಯಾವ ಇಂಗ್ಲಿಷ್ ಸಾಲು ಬಂದರೂ ಅದನ್ನು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿ, ಪಕ್ಕದಲ್ಲಿ ತಾರೀಖು, ವೇಳೆ ಬರೆದಿಡುವುದು ಅವರ ರೂಢಿ. ನಾನು ಅದನ್ನು ಕಂಡಾಗಲೆಲ್ಲ ನಗುತ್ತಿದ್ದೆ. ಸರ್ವರಿನ ಜಾತಕ ಎಂದು ಹೆಸರೂ ಇಟ್ಟಿದ್ದೆ.

ಖಂಡೆ ಪೂಜೆ, ಅಂದರೆ ಆಯುಧಪೂಜೆಯ ದಿನ ನಮ್ಮ ಕಡೆ ದುಡಿಯುವ ಯಾವ ಸಾಮಾನೂ ದುಡಿಯಬಾರದು. ಟ್ರ್ಯಾಕ್ಟರಿಗೂ ರಜೆ, ಹೊಲಿಗೆ ಯಂತ್ರಕ್ಕೂ ರಜೆ. ಆ ವರ್ಷ ಅಕ್ಕಾರು ಲ್ಯಾಬಿನ ಯಂತ್ರಗಳನ್ನೆಲ್ಲ ಕ್ರಮವಾಗಿ ಬಂದ್ ಮಾಡಿ, ವೈರ್ ಬಿಚ್ಚಿ, ಧೂಳು ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂ ಇಟ್ಟರು. ಕರೆಂಟ್ ಹೋದಾಗ ಬಿಟ್ಟರೆ ವರ್ಷವಿಡೀ ನಿಲ್ಲದ ಸರ್ವರ್ ಕೂಡ ಎರಡು ದಿನ ಹೂ ಮುಡಿದುಕೊಂಡು ಮಲಗಿತ್ತು. ಅದರ ಮುಂದೆ ಕಾಯಿ ಒಡೆದವರು ಸ್ವತಃ ಪ್ರಾಚಾರ್ಯರು.

ದಸರಾ ಮುಗಿಸಿ ನಾನು ನಮ್ಮೂರು ಇಂಡಿಯಿಂದ ಬಸ್ಸು ಹಿಡಿದು ಬಂದ ಬೆಳಿಗ್ಗೆ ಅಕ್ಕಾರು ಬಾಗಿಲಲ್ಲೇ ನಿಂತು ಹಬ್ಬದ ಬನ್ನಿ ಎಲೆ ಕೊಟ್ಟರು. ಹತ್ತು ನಿಮಿಷ ಕಳೆಯುವುದರೊಳಗೆ ಆ ಕೈಗೆ ನಾನು ಬೈಗುಳ ಕೊಟ್ಟೆ. ಸರ್ವರಿನ ಫ್ಯಾನು ತಿರುಗಿತು, ದೀಪ ಹತ್ತಿದವು, ಪರದೆಯ ಮೇಲೆ ಅಕ್ಷರಗಳೂ ಓಡಿದವು. ಆದರೆ ವಿದ್ಯಾರ್ಥಿಗಳ ಅಂಕಗಳನ್ನು ಇಟ್ಟಿದ್ದ ತಂತ್ರಾಂಶ ಮಾತ್ರ ಪರವಾನಗಿ ಸರಿಯಿಲ್ಲ ಎಂದು ಕೆಂಪು ಸಾಲು ತೋರಿಸಿ ನಿಂತುಬಿಟ್ಟಿತು. ಪರವಾನಗಿಯನ್ನು ನವೀಕರಿಸಿ ಇನ್ನೂ ಒಂದು ತಿಂಗಳಷ್ಟೇ ಆಗಿತ್ತು. ಆ ಅಂಕಗಳು ಅಂದು ಸಂಜೆ ನಾಲ್ಕರೊಳಗೆ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ವೈರ್ ಬಿಚ್ಚುವಾಗ ಏನೋ ಕೆಡಿಸಿದ್ದಾರೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಪ್ರಾಚಾರ್ಯರು ಬಂದರು. ವೈರ್ ಬಿಚ್ಚಿದವರು ಯಾರು ಎಂದು ಕೇಳಿದರು. ಅಕ್ಕಾರು ತಾವೇ ಎಂದರು.

"ನಾಕರೊಳಗ ಇದು ಚಾಲೂ ಆಗ್ಲಿಲ್ಲಂದ್ರ ಇವರ ಗುತ್ತಿಗಿ ಮುಂದುವರಿಸೂದಿಲ್ಲ," ಎಂದು ಪ್ರಾಚಾರ್ಯರು ಅವರ ಎದುರಿಗೇ ನನಗೆ ಹೇಳಿ ಹೋದರು. ತಾವು ಒಡೆದ ಕಾಯಿಯ ನೆನಪು ಅವರಿಗೆ ಆಗಲಿಲ್ಲ. ನೆನಪಿಸುವ ಧೈರ್ಯ ನನಗೂ ಬರಲಿಲ್ಲ.

ಆಮೇಲೆ ನಾನು ಸರ್ವರಿನ ಮೇಲೆ ಬಿದ್ದೆ. ಮೆಮೊರಿ ಕಿತ್ತು ಹಾಕಿದೆ, ಕೇಬಲ್ ಬದಲಿಸಿದೆ, ಸಿಕ್ಕ ಸಿಕ್ಕ ಸೆಟ್ಟಿಂಗ್ ತಿರುಚಿದೆ, ಎಲ್ಲ ಒಂದೇ ಉಸಿರಿನಲ್ಲಿ. ಅಕ್ಕಾರು ನೋಟ್‌ಬುಕ್ ಹಿಡಿದು ಎರಡು ಸಲ ಏನೋ ಹೇಳಲು ಬಂದರು. ಎರಡೂ ಸಲ ಕೈ ಎತ್ತಿ ತಡೆದೆ. ಕೊನೆಗೆ ಅವರು ಒಂದೇ ಮಾತು ಹೇಳಿದರು.

"ಒಮ್ಮಿಗೆ ಒಂದ ಬದಲಿ ಮಾಡ್ರಿ ಸರ. ಮೂರೂ ಕೂಡೇ ಮಾಡಿದ್ರ ಯಾವುದರಿಂದ ಏನಾತಂತ ಹೆಂಗ ತಿಳೀಬೇಕು?"

ಇದೇ ಮಾತನ್ನು ನಾನು ಪ್ರತಿವರ್ಷ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದೆ. ಅವರ ಬಾಯಲ್ಲಿ ಕೇಳಿ ಮೈ ಉರಿಯಿತು.

ಹನ್ನೆರಡರ ಹೊತ್ತಿಗೆ ಎಲ್ಲ ಅಳಿಸಿ ಹೊಸದಾಗಿ ಹಾಕುತ್ತೇನೆ ಎಂದು ಹೊರಟೆ. ಅಂಕಗಳ ಪ್ರತಿಯನ್ನು ಬೇರೆ ಕಡೆ ತೆಗೆದಿಟ್ಟು ನಾಲ್ಕು ತಿಂಗಳಾಗಿತ್ತು, ಅಳಿಸಿದರೆ ಆಮೇಲಿನವೆಲ್ಲ ಹೋಗುತ್ತಿದ್ದವು. ಅದೂ ನನ್ನದೇ ಸೋಮಾರಿತನ. ಆಗ ಅಕ್ಕಾರು ಹದಿನೈದು ನಿಮಿಷ ಕೊಡಿ ಎಂದು ಕೇಳಿದರು. ಕೇಳಿದ ರೀತಿಯಲ್ಲಿ ಅಂಗಲಾಚುವುದು ಇರಲಿಲ್ಲ. ಕೆಲಸ ಹೋಗುವುದು ಅವರದು, ಅವಸರವೆಲ್ಲ ನನ್ನದು. ನಾನು ಕುರ್ಚಿ ಬಿಟ್ಟುಕೊಟ್ಟೆ.

ನಾನು ಬದಲಿಸಿದ್ದನ್ನೆಲ್ಲ ಮೊದಲಿನಂತೆ ಮಾಡಿಸಿ ಅವರು ಸರ್ವರ್ ಚಾಲೂ ಮಾಡಿದರು. ಹಿಂದೆ ಅದು ಸರಿಯಾಗಿ ಚಾಲೂ ಆಗಿದ್ದ ದಿನದ ಪುಟವನ್ನು ತೆರೆದಿಟ್ಟುಕೊಂಡು, ಪರದೆಯ ಒಂದೊಂದು ಸಾಲಿಗೂ ಪುಟದ ಸಾಲಿನ ಮೇಲೆ ಬೆರಳಿಟ್ಟು ಹೋಲಿಸುತ್ತ ಬಂದರು. ಅಕ್ಕಿ ಆರಿಸುವವರ ತಾಳ್ಮೆ ಅದು. ಒಂದು ಕಡೆ ಬೆರಳು ನಿಂತಿತು.

"ಸರ, ಈ ತಾರೀಖು ನೋಡ್ರಿ. ಅವತ್ತು ನಾ ಇನ್ನೂ ಈ ಕಾಲೇಜಿಗೆ ಬಂದಿದ್ದಿಲ್ಲ."

ಸರ್ವರಿನ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಗಡಿಯಾರವನ್ನು ನಡೆಸಲು ಒಳಗೆ ನಾಣ್ಯದಂಥ ಸಣ್ಣ ಬ್ಯಾಟರಿ ಇರುತ್ತದೆ. ಅದು ಯಾವಾಗಲೋ ಸತ್ತಿತ್ತು. ಕರೆಂಟ್ ಇದ್ದಷ್ಟು ದಿನ ನನಗೆ ಗೊತ್ತಾಗಿರಲಿಲ್ಲ, ವೈರ್ ಬಿಚ್ಚಿದ ಕೂಡಲೇ ಸರ್ವರಿಗೆ ಇಂದಿನ ದಿನವೇ ಮರೆತುಹೋಗಿತ್ತು. ಹಳೆಯ ತಾರೀಖಿನಲ್ಲಿ ಕೂತ ಅದಕ್ಕೆ ಕಳೆದ ತಿಂಗಳ ಪರವಾನಗಿ ಇನ್ನೂ ಹುಟ್ಟಿಯೇ ಇರಲಿಲ್ಲ. ಆ ತಾರೀಖು ಬೆಳಿಗ್ಗೆಯಿಂದ ನನ್ನ ಕಣ್ಣೆದುರೂ ಹಾದುಹೋಗಿತ್ತು. ನಾನು ಕೆಂಪು ಸಾಲನ್ನಷ್ಟೇ ಓದಿದ್ದೆ, ಅವರು ಎಲ್ಲ ಸಾಲುಗಳನ್ನೂ ಓದಿದ್ದರು. ಇಷ್ಟು ವರ್ಷ ಈ ಕೆಲಸದಲ್ಲಿ ಎಷ್ಟೋ ಜಾಣರನ್ನು ಕಂಡಿದ್ದೇನೆ. ಅಕ್ಕಾರಷ್ಟು ಗೌರವ ಹುಟ್ಟಿಸಿದವರು ಬೇರೆ ಯಾರೂ ಇಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ವಾಚ್ ರಿಪೇರಿ ಅಂಗಡಿಯಿಂದ ನಾನೇ ಓಡಿಹೋಗಿ ಬ್ಯಾಟರಿ ತಂದೆ. ತಾರೀಖು ಸರಿಪಡಿಸಿದ ಮೇಲೆ ಸರ್ವರ್ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ಮೂರು ಗಂಟೆಗೆ ಅಂಕಗಳು ಹೋದವು.

ಅವರು ನೀರು ಕುಡಿಯಲು ಹೋದಾಗ ನೋಟ್‌ಬುಕ್ ತಿರುವಿದೆ. ಮಳೆಗಾಲದ ಒಂದು ಪುಟದಲ್ಲಿ ಹೀಗಿತ್ತು: ಕರೆಂಟ್ ಹೋಗಿ ಬಂತು. ಗಡಿಯಾರ ಹಿಂದೆ ಬಿದ್ದಿತ್ತು. ಸರಿ ಮಾಡಿದೆ. ಸರ್‌ಗೆ ಹೇಳಿದೆ. ತಿಂಗಳ ನಂತರ ಮತ್ತೆ ಅವೇ ನಾಲ್ಕು ಸಾಲು. ಆಗ ನಾನು ಫೋನಿನಿಂದ ತಲೆ ಎತ್ತದೆ ನೋಡೋಣ ಎಂದಿದ್ದು ನೆನಪಾಯಿತು. ಬೆಳಿಗ್ಗೆ ಎಲ್ಲರೆದುರು ಇದನ್ನೇಕೆ ತೋರಿಸಲಿಲ್ಲ ಎಂದು ಮರಳಿ ಬಂದ ಅವರನ್ನು ಕೇಳಿದೆ.

"ಹೇಳಾಕ ಬಂದಿದ್ದೆರಿ. ನೀವು ಸಿಟ್ಟಿನ್ಯಾಗ ಇದ್ರಿ. ನನಗೂ ಖಾತ್ರಿ ಇರಲಿಲ್ಲ, ತಾಳೆ ನೋಡಿದ ಮ್ಯಾಲೆ ಆತು."

ನಾನು ನೋಟ್‌ಬುಕ್ ತೆಗೆದುಕೊಂಡು ಪ್ರಾಚಾರ್ಯರ ಕೋಣೆಗೆ ಹೋದೆ. ಅಕ್ಕಾರು ಬೇಡ ಎನ್ನುತ್ತ ಹಿಂದೆಯೇ ಬಂದರು. ಆ ಎರಡು ಪುಟಗಳನ್ನು ಗಟ್ಟಿಯಾಗಿ ಓದಿ, ಅದರಲ್ಲಿರುವ ಸರ್ ನಾನೇ ಎಂದೆ. ಪ್ರಾಚಾರ್ಯರು ನೋಟ್‌ಬುಕ್ ತೆಗೆದುಕೊಂಡು ತಾವೂ ಒಮ್ಮೆ ಓದಿದರು. ನಂತರ ಗುತ್ತಿಗೆಯ ಕಾಗದ ತರಿಸಿ ಅಲ್ಲೇ ಸಹಿ ಮಾಡಿದರು.

ಸಂಜೆ ಬಸ್ಸಿಗೆ ಹೊರಡುವ ಮುಂಚೆ ಅಂದಿನ ಪುಟ ತೋರಿಸಲು ಕೇಳಿದೆ. ನನ್ನ ಬೈಗುಳವೂ ದಾಖಲಾಗಿರಬಹುದೆಂಬ ಅಳುಕಿತ್ತು. ಅದು ಇರಲಿಲ್ಲ. ಪ್ರತಿ ಸಲ ಚಾಲೂ ಮಾಡಿದ ವೇಳೆ, ಕಿತ್ತು ಹಾಕಿದ ಭಾಗಗಳು, ಹೊಸ ಬ್ಯಾಟರಿ, ಎಲ್ಲ ಇದ್ದವು. ಕೊನೆಯ ಸಾಲು ಹೀಗಿತ್ತು: ಸರ್ ಕೇಳಿಸಿಕೊಂಡರು. ಅದರ ಪಕ್ಕದಲ್ಲೂ ತಾರೀಖು, ವೇಳೆ ಬರೆದಿದ್ದರು.